ಸಕ್ಕರೆ ಅಚ್ಚಿನಷ್ಟು ಮೇಣ

ಬಿಷ್ಕೆಕ್
ಅಕ್ಟೋಬರ್ 3

ಅಮ್ಮ,

ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿರುವ ಒಂದೇ ಫೋನು ಕುಮುಶ್‌ಳ ದಿಂಬಿನ ಪಕ್ಕದಲ್ಲಿರುತ್ತದೆ. ನಾನು ಏನು ಹೇಳಿದರೂ ಅದು ಅವಳ ಕಿವಿ ದಾಟಿಯೇ ನಿನಗೆ ತಲುಪಬೇಕು. ಆದ್ದರಿಂದ ಇನ್ನು ಮೇಲೆ ಕಾಗದ. ಬಾಡಿಗೆ ಕಾರಿನ ಸಾಗಿನ್ ತಂದು ಕೊಡುತ್ತಾನೆ. ಓದಿ ಒಲೆಗೆ ಹಾಕಿಬಿಡು.

ಕಳೆದ ವಾರ ಇಲ್ಲಿ ತೆಗೆಸಿದ ಚಿತ್ರದಲ್ಲಿ ಅವಳ ಶ್ವಾಸಕೋಶದಲ್ಲಿ ಕಲೆಗಳು ಕಂಡಿವೆ. ಮೇ ತಿಂಗಳಲ್ಲಿ ಎಡಗಡೆಯ ಸ್ತನ ತೆಗೆದಾಗ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿಲ್ಲ. ಅವಳಿಗೆ ಕಫ ಕಟ್ಟಿದೆ ಎಂದು ಹೇಳಿ ಕಳಿಸಿದ್ದೇನೆ. ನೀನೂ ಹಾಗೆಯೇ ಹೇಳು.

ಡಾಕ್ಟರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ನೋಡೀಮ್ಮಾ, ಈ ಜಾತಿ ಗೆಡ್ಡೆಗೆ ಸಾಧಾರಣವಾಗಿ ಮೂರು ಹಿಡಿಕೆ ಇರ್ತವೆ. ಯಾವುದಾದ್ರೂ ಒಂದನ್ನ ಹಿಡ್ಕೊಂಡು ಎತ್ತಬಹುದು. ನಿಮ್ಮ ತಂಗಿದಕ್ಕೆ ಒಂದೂ ಇಲ್ಲ. ಹಿಡಿಕೆ ಇಲ್ಲದ ಹಂಡೆ, ಅದೂ ಕುದೀತಿರೋದು." ಉಳಿದಿರುವುದು ಒಂದು ಹೊಸ ಔಷಧ. ನಮ್ಮ ರಕ್ತದಲ್ಲಿ ಕಾವಲಿನವರು ಇರುತ್ತಾರಂತೆ. ಗೆಡ್ಡೆ ಅವರನ್ನು ಮಲಗಿಸಿಬಿಡುತ್ತದೆ. ಈ ಔಷಧ ಅವರನ್ನು ಎಬ್ಬಿಸುತ್ತದೆ. ಆದರೆ ಎಲ್ಲರಿಗೂ ಅಲ್ಲ. ಗೆಡ್ಡೆಯಲ್ಲಿ ಒಂದು ಗುರುತು ಇರಬೇಕು. ಆ ಗುರುತಿಗೆ ಅಂಕ ಕೊಡುತ್ತಾರೆ. ಹತ್ತು ಅಥವಾ ಹತ್ತಕ್ಕಿಂತ ಹೆಚ್ಚು ಬಂದರೆ ಗಡಿಯಾಚೆ ಅಲ್ಮಾಟಿಯಲ್ಲಿ ನಡೆಯುತ್ತಿರುವ ಒಂದು ಚಿಕಿತ್ಸಾ ಯೋಜನೆಗೆ ಅವಳನ್ನು ಸೇರಿಸಿಕೊಳ್ಳುತ್ತಾರೆ. ನವೆಂಬರ್ ಮೂವತ್ತಕ್ಕೆ ಸೇರ್ಪಡೆ ಮುಗಿಯುತ್ತದೆ.

ಪರೀಕ್ಷೆಗೆ ಅವಳು ಬರಬೇಕಾಗಿಲ್ಲ. ಮೇ ತಿಂಗಳಲ್ಲಿ ತೆಗೆದ ಗೆಡ್ಡೆಯ ಒಂದು ಚೂರನ್ನು ಮೇಣದಲ್ಲಿ ಹುದುಗಿಸಿ ನಾರಿನ್ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ. ಅಂಥದ್ದು ಇರುವುದು ಒಂದೇ. ಶ್ವಾಸಕೋಶದಿಂದ ಹೊಸದಾಗಿ ಚುಚ್ಚಿ ತೆಗೆಯುವ ಸ್ಥಿತಿಯಲ್ಲಿ ಅವಳಿಲ್ಲ. ಮನೆಯವರು ಬಂದು ಸಹಿ ಹಾಕಿದರೆ ಆ ಮೇಣವನ್ನು ಕೊಡುತ್ತಾರೆ. ನೀನು ಹೋಗಿ ತಂದು ಸಾಗಿನ್ ಕೈಯಲ್ಲಿ ಕಳಿಸು. ಅಲ್ಮಾಟಿಗೆ ನಾನೇ ಒಯ್ಯುತ್ತೇನೆ.

ಕುಮುಶ್ ಕಣ್ಣಿಗೆ ಮಾತ್ರ ಅದು ಬೀಳದಿರಲಿ.

ನಿನ್ನ ಜೂರಾ


ಅಟ್-ಬಾಶಿ
ಅಕ್ಟೋಬರ್ 16

ಜೂರಾ,

ಹೋಗಿ ತಂದೆ. ಗುಮಾಸ್ತೆ ಹುಡುಗಿ ಪುಸ್ತಕ ಮುಂದಿಟ್ಟು, "ಯಾರ್ದಜ್ಜಿ ಇದು?" ಅಂದಳು. ನನ್ನ ಮಗಳದು ಅಂದೆ. "ಇಲ್ಲಿ ಸೈನ್ ಹಾಕಿ. ಬಿಸಿಲಲ್ಲಿಡ್ಬೇಡಿ, ಒಲೆ ಹತ್ರನೂ ಇಡ್ಬೇಡಿ, ಕರಗೋಗತ್ತೆ" ಅಂತ ಹೇಳಿ, ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ಸಕ್ಕರೆ ಅಚ್ಚಿನಷ್ಟಿದೆ. ನಿನ್ನ ಅಪ್ಪನ ಚಹಾ ಡಬ್ಬಿಯಲ್ಲಿ ಹಾಕಿ ಹಿಟ್ಟಿನ ಚೀಲದ ಹಿಂದೆ ಇಟ್ಟಿದ್ದೇನೆ.

ಕುಮುಶ್‌ಗೆ ಸಂಜೆ ಸಂಜೆ ಮೈ ಬಿಸಿಯಾಗುತ್ತದೆ. ಥರ್ಮಾಮೀಟರನ್ನು ನಾನೇ ಇಟ್ಟು ನಾನೇ ಓದುತ್ತೇನೆ. ಪಾದರಸ ಎಲ್ಲಿದ್ದರೂ ಮೂವತ್ತಾರು ಪಾಯಿಂಟ್ ಎಂಟು ಅನ್ನುತ್ತೇನೆ. "ಹಾಗಾದ್ರೆ ನಾನು ಆರಾಮಾಗಿದೀನಿ ಬಿಡಮ್ಮ" ಅಂತ ಗೋಡೆ ಕಡೆ ತಿರುಗುತ್ತಾಳೆ.

ಮೊನ್ನೆ ನಿನ್ನ ಅಪ್ಪನ ಸಮಾಧಿಗೆ ಹೋಗಿದ್ದೆ. ಮೇ ತಿಂಗಳಲ್ಲಿ ಅವಳ ಮೈಯಿಂದ ತೆಗೆದದ್ದನ್ನು ಆಸ್ಪತ್ರೆಯವರನ್ನು ಕೇಳಿ ತಂದು, ಬಿಳಿ ಬಟ್ಟೆಯಲ್ಲಿ ಸುತ್ತಿ ಅಲ್ಲಿಯೇ, ಅವರ ಕಾಲ ಬಳಿ ಮಣ್ಣಿಗಿಟ್ಟಿದ್ದೆನಲ್ಲ, ಆ ಜಾಗದಲ್ಲಿ ಹುಲ್ಲು ಬಂದಿದೆ.

ಆಲೂಗಡ್ಡೆ ಅಗೆದಾಯಿತು. ಒಂದು ಮೂಟೆ ನಿನಗೆ.

ಅಮ್ಮ


ಬಿಷ್ಕೆಕ್
ಅಕ್ಟೋಬರ್ 29

ಅಮ್ಮ,

ಸಾಗಿನ್ ಬಂದಿದ್ದ. ಆಲೂಗಡ್ಡೆ, ಬೆಣ್ಣೆ, ಒಣಗಿಸಿದ ಮೊಸರಿನ ಉಂಡೆ, ಕುರಿಯ ಬಾಲದ ಕೊಬ್ಬು ಎಲ್ಲ ಇಳಿಸಿದ. "ಅಕ್ಕಾ, ನಿಮ್ಮಮ್ಮ ನನ್ನ ಕಾರನ್ನ ಕಾರು ಅಂದ್ಕೊಂಡಿಲ್ಲ, ಉಗ್ರಾಣ ಅಂದ್ಕೊಂಡಿದಾರೆ. ಪ್ಯಾಸೆಂಜರ್ ಒಬ್ಬ ದಾರಿಯುದ್ದಕ್ಕೂ ನಿಮ್ಮ ಆಲೂಗಡ್ಡೆನ ತೊಡೆ ಮೇಲೆ ಇಟ್ಕೊಂಡು ಬಂದ" ಅಂದ. ನಗುತ್ತಲೇ ಎಲ್ಲವನ್ನೂ ನೆಲದ ಮೇಲೆ ಹರವಿ ಹುಡುಕಿದೆ. ಡಬ್ಬಿ ಇರಲಿಲ್ಲ.

ಮರೆತಿರಬಹುದು. ವಾರಕ್ಕೆ ಎರಡು ಸಲ ಬರುತ್ತಾನಲ್ಲ, ಮುಂದಿನ ಸಲ ಕಳಿಸು. ಅಲ್ಮಾಟಿಯ ಪ್ರಯೋಗಾಲಯದ ರೌಶಾನ್ ಎಂಬ ಡಾಕ್ಟರ ಜೊತೆ ಮಾತಾಡಿದ್ದೇನೆ. ಮೇಣ ಕೈಸೇರಿದ ಹತ್ತು ದಿನಕ್ಕೆ ಅಂಕ ಹೇಳುತ್ತಾರಂತೆ.

ಆಶೆ ಇಟ್ಟುಕೊಳ್ಳಬಹುದೇ ಎಂದು ಅವರನ್ನು ಕೇಳಿದೆ. "ಮೊದಲು ಮೇಣ ಕಳ್ಸಿ, ಆಮೇಲೆ ಆಶೆ ವಿಷಯ" ಅಂದರು. ಒರಟು ಹೆಂಗಸು. ಆದರೂ ಇಷ್ಟವಾದರು.

ಜೂರಾ


ಅಟ್-ಬಾಶಿ
ನವೆಂಬರ್ 9

ಜೂರಾ,

ದೊಲೊನ್ ಕಣಿವೆಯಲ್ಲಿ ಹಿಮ ಬಿದ್ದು ಮೂರು ದಿನ ದಾರಿ ಮುಚ್ಚಿತ್ತು. ಚಳಿಗಾಲದ ಮಾಂಸಕ್ಕೆ ಕಂದು ಕುದುರೆಯನ್ನು ಕಡಿದೆವು. ಕುಮುಶ್ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು, "ಆ ಲಿವರ್ ನಂಗೆ ತೋರ್ಸಿ, ಹುಳ ಇದ್ಯಾ ನೋಡ್ತೀನಿ" ಅಂತ ಗಂಡಸರನ್ನೆಲ್ಲ ಗೋಳುಹೊಯ್ದುಕೊಂಡಳು. ಹತ್ತು ವರ್ಷ ಈ ಊರಿನ ದನ ಕುರಿಗಳಿಗೆ ವೈದ್ಯ ಮಾಡಿದವಳಲ್ಲವೇ, ಮಲಗಿದರೂ ಕಣ್ಣು ಅಲ್ಲಿಯೇ. ಎರಡು ತುಂಡು ತಿಂದಳು.

ಈ ಸಲ ಚಳಿ ಬೇಗ ಬಂತು. ನಿನ್ನ ಕೋಟಿಗೆ ಒಳಪದರ ಹೊಲಿಸಿಕೊಂಡೆಯಾ?

ಅಮ್ಮ


ಬಿಷ್ಕೆಕ್
ನವೆಂಬರ್ 13

ಅಮ್ಮ,

ನನ್ನ ಕೋಟಿನ ವಿಷಯ ಬಿಡು. ಡಬ್ಬಿ ಎಲ್ಲಿ?

ಇನ್ನು ಹದಿನೇಳು ದಿನ.

ಜೂರಾ


ಅಟ್-ಬಾಶಿ
ನವೆಂಬರ್ 20

ಜೂರಾ,

ಈ ಕಾಗದವನ್ನು ನಾಲ್ಕು ಸಲ ಬರೆದೆ. ನೀನು ಬೈಯುವುದನ್ನು ಕೊನೆಯವರೆಗೆ ಓದಿದ ಮೇಲೆ ಬೈ.

ತಂದ ಮಾರನೆಯ ದಿನ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೇಣದ ನಡುವೆ ಬೂದು ಬಣ್ಣದ್ದು, ಉಗುರಿನಷ್ಟು. ಹಿಂದೆ ಪ್ಲಾಸ್ಟಿಕ್ಕಿನ ಜಾಲರಿ, ಅದರ ಮೇಲೆ ನಂಬರು. ಕುರಿಯ ಕಿವಿಗೆ ಕುಮುಶ್ ಹಾಕುತ್ತಿದ್ದಳಲ್ಲ, ಅಂಥದ್ದೇ ನಂಬರು. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಾಂಸ ಅದು. ಉಳಿದದ್ದೆಲ್ಲ ಅವಳ ಅಪ್ಪನ ಕಾಲ ಬಳಿ ಇದೆ, ಇದೊಂದನ್ನು ಆಲೂಗಡ್ಡೆ ಮೂಟೆಯ ಸಂದಿಯಲ್ಲಿ ಹಾಕಿ ಬೇರೆ ದೇಶಕ್ಕೆ ಕಳಿಸಿ, ಗುರುತಿಲ್ಲದವರು ಅದನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೊಯ್ದು, ಆಮೇಲೆ ಎಲ್ಲಿ ಬಿಸಾಡುತ್ತಾರೋ. ಕೊನೆಯ ದಿನ ಎಲ್ಲರೂ ಎದ್ದು ನಿಲ್ಲುವಾಗ ನನ್ನ ಮಗಳು ತನ್ನ ಮೈಯನ್ನು ಹುಡುಕಿಕೊಂಡು ಅಲ್ಮಾಟಿಯ ಬೀದಿ ಬೀದಿ ಅಲೆಯಬೇಕೇ?

ನೀನು ಬರೆದ ಅಂಕದ ಮಾತು ನನಗೆ ಅರ್ಥವಾಗಿರಲಿಲ್ಲ ಅಂತಲ್ಲ. ಅರ್ಥವಾಗಿತ್ತು. ಆದರೆ ಮೊದಲೂ ಎಷ್ಟೋ ಪರೀಕ್ಷೆ ಮಾಡಿಸಿದೆವು. ಪ್ರತಿ ಸಲವೂ ಇಲ್ಲ ಅಂತಲೇ ಬಂತು. ಹಿಡಿಕೆ ಇಲ್ಲ, ಹಿಡಿಕೆ ಇಲ್ಲ, ಹಿಡಿಕೆ ಇಲ್ಲ. ನಾಲ್ಕನೆಯದೂ ಹಾಗೇ ಬರುತ್ತದೆ ಅಂದುಕೊಂಡೆ.

ನೆಲ ಇನ್ನೂ ಮೆತ್ತಗಿತ್ತು. ಬೆಳಿಗ್ಗೆ ದನ ಬಿಟ್ಟ ಮೇಲೆ ಅದನ್ನು ತೊಳೆದು, ತೆಳು ಬಿಳಿ ಬಟ್ಟೆಯಲ್ಲಿ ಸುತ್ತಿ, ಒಲೆಯ ಬೂದಿ ತೆಗೆಯುವ ಸಲಿಕೆ ಹಿಡಿದು ಒಬ್ಬಳೇ ಹೋದೆ. ಗೊತ್ತಿದ್ದಷ್ಟು ಪ್ರಾರ್ಥನೆ ಓದಿ, ಮಣ್ಣಿಗಿಟ್ಟು ಬಂದೆ. ನಿನಗೆ ಮೊದಲ ಕಾಗದ ಬರೆದದ್ದು ಅದರ ಎರಡು ದಿನಕ್ಕೆ. ಡಬ್ಬಿ ಹಿಟ್ಟಿನ ಚೀಲದ ಹಿಂದೆಯೇ ಇದೆ. ಖಾಲಿ ಇದೆ.

ಅಮ್ಮ


ಬಿಷ್ಕೆಕ್
ನವೆಂಬರ್ 22

ಅಮ್ಮ,

ಅಗೆಸು. ಇವತ್ತೇ. ಮೇಣ ಮಣ್ಣಿನಲ್ಲಿ ಕೆಡುವುದಿಲ್ಲವಂತೆ, ರೌಶಾನ್ ಅವರನ್ನು ಕೇಳಿದೆ. ಮೂವತ್ತನೇ ತಾರೀಕಿನೊಳಗೆ ಕೈಸೇರಿದರೆ ಅಂಕ ಬರುವವರೆಗೆ ಅವಳ ಜಾಗ ಕಾದಿಡುತ್ತಾರಂತೆ.

ನಿನ್ನ ಮೇಲೆ ಸಿಟ್ಟಿದೆ. ಎಷ್ಟಿದೆ ಎಂದು ಅಳೆಯಲು ಈಗ ಪುರುಸೊತ್ತಿಲ್ಲ.

ಜೂರಾ


ಅಟ್-ಬಾಶಿ
ನವೆಂಬರ್ 27

ಜೂರಾ,

ಎರಡು ಸಲ ಹೋದೆ. ನೆಲ ಕಬ್ಬಿಣವಾಗಿದೆ. ಸಲಿಕೆಯ ತುದಿ ಮಡಚಿಕೊಂಡಿತು. ಕುದಿಯುವ ನೀರು ಒಯ್ದು ಸುರಿದೆ, ಅದೂ ಹೆಪ್ಪುಗಟ್ಟಿ ಗಾಜಿನ ಹಾಗೆ ನಿಂತಿತು.

ಹಾರೆ ಹಿಡಿದ ಗಂಡಸರು ನಾಲ್ವರಾದರೂ ಬೇಕು. ಯಾರನ್ನು ಕರೆದರೂ, "ಅತ್ತೇ, ಈ ಚಳೀಲಿ ಗೋರಿ ಪಕ್ಕ ಯಾಕೆ ಅಗೀಬೇಕು, ಯಾರಿಗೆ?" ಅಂತ ಕೇಳುತ್ತಾರೆ. ಏನು ಹೇಳಲಿ? ಕತ್ತಲಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿ, ಮರುದಿನ ಯಾರಾದರೂ ರೊಟ್ಟಿ ಹಿಡಿದುಕೊಂಡು ಅವಳ ಹಾಸಿಗೆಯ ಪಕ್ಕ ಅಳುತ್ತ ಕೂರುತ್ತಾರೆ. ಬದುಕಿರುವ ಮಗಳಿಗೆ ಗುಂಡಿ ಅಗೆಸಿದಳು ಅಂತ ಅವಳ ಕಿವಿಗೇ ಬೀಳುತ್ತದೆ. ಅವಳಿಗೆ ಗೊತ್ತಾಗಬಾರದು ಅಂತ ನೀನೇ ಬರೆದಿದ್ದೆ.

ಕರೆಯಲಿಲ್ಲ.

ಅಮ್ಮ


ಅಟ್-ಬಾಶಿ
ಡಿಸೆಂಬರ್ 12

ಅಕ್ಕಾ,

ನೀನು ಅಮ್ಮನಿಗೆ ಕಾಗದ ಬರೆಯುತ್ತೀಯ, ಅಮ್ಮ ಅದನ್ನು ಒಲೆಗೆ ಹಾಕುತ್ತಾಳೆ, ನಾನು ಕೆಮ್ಮುತ್ತ ನೋಡುತ್ತಿರುತ್ತೇನೆ. ನನಗೂ ಒಂದು ಕಾಗದ ಬರೆಯುವ ಆಸೆಯಾಯಿತು. ಸಾಗಿನ್ ಬಂದಾಗ ಅಮ್ಮ ಕೊಟ್ಟಿಗೆಯಲ್ಲಿದ್ದಳು. "ಏನಕ್ಕಾ, ನಿಮ್ಮ ಮನೇಲಿ ಎಲ್ರೂ ಎಲ್ರಿಗೂ ಗುಟ್ಟಾಗಿ ಕಾಗದ ಬರೀತೀರಲ್ಲ, ನಾನೇ ಒಂದು ಅಂಚೆ ಕಚೇರಿ ತೆಗೀಲಾ?" ಅಂದ. ಒಂದು ಮೊಸರುಂಡೆ ಕೊಟ್ಟು ಬಾಯಿ ಮುಚ್ಚಿಸಿದೆ.

ನನಗೆ ಏನಾಗಿದೆ ಎಂದು ನನಗೆ ಗೊತ್ತು. ಮೇ ತಿಂಗಳಿನಿಂದ ಗೊತ್ತು. ಒಂದು ಗಂಟು ತೆಗೆದದ್ದಕ್ಕೆ ತಲೆಕೂದಲೆಲ್ಲ ಉದುರುತ್ತದೆ ಎಂದು ನಂಬುವ ಪಶುವೈದ್ಯೆಯನ್ನು ನೀವಿಬ್ಬರೂ ಎಲ್ಲಿ ನೋಡಿದ್ದೀರಿ? ಮತ್ತೆ ಆ ಥರ್ಮಾಮೀಟರು. ದಿನಾ ಸಂಜೆ ಮೂವತ್ತಾರು ಪಾಯಿಂಟ್ ಎಂಟು. ಒಲೆಯ ಮೇಲಿಟ್ಟ ಬೂಟಿಗೂ ಒಂದೊಂದು ದಿನ ಹೆಚ್ಚು ಕಡಿಮೆ ಆಗುತ್ತದೆ, ನನಗೆ ಆಗುವುದಿಲ್ಲ. ಕುರಿಗೆ ಜ್ವರ ಬಂದಿದೆಯೇ ಎಂದು ಕಿವಿ ಮುಟ್ಟಿ ಹೇಳುವವಳು ನಾನು. ನನ್ನ ಕಿವಿ ನನಗೇ ಸಿಗುವುದಿಲ್ಲವೇ?

ಅಮ್ಮನಿಗೆ ಹೇಳಬೇಡ. ನನಗೆ ಗೊತ್ತಿಲ್ಲ ಅನ್ನುವುದೊಂದೇ ಅವಳನ್ನು ನಿಲ್ಲಿಸಿರುವುದು. ಆ ಅಂಕೆ ಹೇಳುವಾಗ ಅವಳ ದನಿ ಎಷ್ಟು ಗಟ್ಟಿಯಾಗಿರುತ್ತದೆ ಗೊತ್ತಾ?

ಒಂದೇ ಒಂದು ವಿಷಯ ಕೇಳುತ್ತೇನೆ. ಇನ್ನೂ ಮಾಡಿಸದ ಪರೀಕ್ಷೆ ಏನಾದರೂ ಉಳಿದಿದ್ದರೆ, ನನ್ನಿಂದ ಮುಚ್ಚಿಡಬೇಡ. ಈ ಕಣಿವೆಯ ಹತ್ತು ಸಾವಿರ ಕುರಿಗಳ ರಕ್ತವನ್ನು ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಕಳಿಸಿದವಳು ನಾನು. ಒಂದು ಸೀಸೆಯೂ ಒಡೆದಿಲ್ಲ, ಒಂದು ಚೀಟಿಯೂ ಅದಲು ಬದಲಾಗಿಲ್ಲ. ನನ್ನದೇ ಒಂದನ್ನು ಕಳಿಸಲಾರೆನೇ? ಹಾಸಿಗೆಯಿಂದಲೇ ಕಳಿಸುತ್ತೇನೆ.

ಇಲ್ಲದಿದ್ದರೆ ಇಲ್ಲ ಅಂತ ಬರಿ. ಸುತ್ತಿ ಬಳಸಿ ಬರೆಯಬೇಡ.

ನಿನ್ನ ಕುಮುಶ್


ಬಿಷ್ಕೆಕ್
ಡಿಸೆಂಬರ್ 19

ಕುಮುಶ್,

ಇಲ್ಲ. ಯಾವ ಪರೀಕ್ಷೆಯೂ ಉಳಿದಿಲ್ಲ.

ಸಾಗಿನ್ ಜೊತೆ ದಾಳಿಂಬೆ ಕಳಿಸಿದ್ದೇನೆ. ಹೊಸ ವರ್ಷಕ್ಕೆ ಬರುತ್ತೇನೆ.

ಅಕ್ಕ


ಅಟ್-ಬಾಶಿ
ಫೆಬ್ರವರಿ 26

ಜೂರಾ,

ಸಾಗಿನ್ ಜೊತೆ ಡಬ್ಬಿ ಕಳಿಸಿದ್ದೇನೆ. ತೆಗೆದು ನೋಡುವ ಮೊದಲು ಇದನ್ನು ಓದು.

ಕುಮುಶ್ ತೀರಿಕೊಂಡಾಗ ನೀನು ಅಂಗಳದ ಗುಡಾರದೊಳಗೆ ಹೆಂಗಸರ ಜೊತೆ ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅಳುತ್ತಿದ್ದೆ, ಹೊರಗಿನದು ನಿನಗೆ ಗೊತ್ತಿಲ್ಲ. ನೆಲ ಬಿಡಲಿಲ್ಲ ಅಂತ ಗಂಡಸರು ಗುಂಡಿಯ ಜಾಗದಲ್ಲಿ ಒಂದಿಡೀ ದಿನ ಬೆರಣಿ ಉರಿಸಿದರು. ನಾನು ನಿಮ್ಮ ಚಿಕ್ಕಪ್ಪನನ್ನು ಕರೆದು, ನಿನ್ನ ಅಪ್ಪನ ಕಾಲ ಬಳಿಯ ಆ ಒಂದು ಮೊಳವನ್ನು ಬಿಟ್ಟು ಬೆಂಕಿ ಹಾಕಿ ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ. ಈಗ ಕೇಳುವವರು ಯಾರೂ ಇರಲಿಲ್ಲ. ನವೆಂಬರಿನಲ್ಲಿ ನಾನು ಹೆದರಿದ್ದ ಆ ನಾಲ್ಕು ಹಾರೆಗಳು ಅವತ್ತು ಕರೆಯದೆಯೇ ಬಂದಿದ್ದವು.

ಪಕ್ಕದ ಮಣ್ಣು ಸಡಿಲವಾದ ಮೇಲೆ ಅವರೇ ಅದನ್ನು ತೆಗೆದು ಕರವಸ್ತ್ರದಲ್ಲಿ ತಂದುಕೊಟ್ಟರು. ಹಾಗೇ ಇದೆ. ಒಂದು ಮೂಲೆ ಸೀಳಿದೆ, ಅಷ್ಟೇ.

ಅಲ್ಮಾಟಿಗೆ ಒಯ್ದು ಆ ಅಂಕ ಕೇಳು. ಈಗ ಯಾಕೆ ಅನ್ನಬೇಡ. ಸತ್ತವಳಿಗೆ ಬೇಡ, ನನಗೆ ಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ನಾನು ಮಗಳ ಮಾಂಸವನ್ನು ಮಣ್ಣಿಗಿಟ್ಟ ತಾಯಿ. ಹೆಚ್ಚಿದ್ದರೆ ನಾನು ಏನು ಅಂತ ನನಗೆ ಗೊತ್ತಾಗಬೇಕು.

ಕೆಲಸ ಮುಗಿದ ಮೇಲೆ ವಾಪಸ್ ಕಳಿಸು.

ಅಮ್ಮ


ಅಲ್ಮಾಟಿ
ಮಾರ್ಚ್ 20

ಮಾನ್ಯ ಜೂರಾ ಅವರಿಗೆ,

ನಮ್ಮಲ್ಲಿ ತೀರಿಕೊಂಡವರ ತುಣುಕನ್ನು ಪರೀಕ್ಷೆಗೆ ತೆಗೆದುಕೊಳ್ಳುವ ರೂಢಿಯಿಲ್ಲ. ನೀವು ಕಿಟಕಿಯ ಮುಂದೆ ಆ ಡಬ್ಬಿ ಹಿಡಿದು ಎರಡು ಗಂಟೆ ನಿಂತಿದ್ದನ್ನು ನೋಡಿದೆ, ಅದಕ್ಕೇ ಮಾಡಿದೆ.

ಮೇಣದ ಒಂದು ಅಂಚಿನಲ್ಲಿ ಮಣ್ಣು ಹೊಕ್ಕಿತ್ತು. ಒಳಗಿನ ಅಂಗಾಂಶಕ್ಕೆ ಏನೂ ಆಗಿರಲಿಲ್ಲ. ಎರಡು ಸಲ ಬಣ್ಣ ಹಚ್ಚಿ ನೋಡಿದೆ; ಗುರುತು ಇರುವಲ್ಲಿ ಕಂದು ಏರುತ್ತದೆ, ಇಲ್ಲದಲ್ಲಿ ನೀಲಿ. ಅಂಕ ನಲವತ್ತೈದು.

ನೀವು ಕೇಳುವ ಮೊದಲೇ ಬರೆಯುತ್ತೇನೆ. ಅಂಕ ಹೆಚ್ಚಿದ್ದವರೆಲ್ಲ ಉಳಿಯುವುದಿಲ್ಲ. ಕೆಲವರಿಗೆ ಕೆಲವು ತಿಂಗಳು ಸಿಗುತ್ತವೆ, ಕೆಲವೇ ಕೆಲವರಿಗೆ ವರ್ಷಗಳು. ನಿಮ್ಮ ತಂಗಿ ಯಾವ ಗುಂಪಿನಲ್ಲಿರುತ್ತಿದ್ದರು ಎಂದು ನಾನಾಗಲಿ ಬೇರೆ ಯಾರಾಗಲಿ ಹೇಳಲಾರೆವು. ಬಾಗಿಲು ತೆರೆದಿತ್ತು ಎಂದಷ್ಟೇ ಹೇಳಬಹುದು.

ವರದಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಈ ಕಾಗದವನ್ನು ನೀವು ಹರಿದುಹಾಕಬಹುದು. ಮೇಣವನ್ನೂ, ಗಾಜಿನ ಮೇಲಿರುವ ಆರು ಚೂರುಗಳನ್ನೂ ನೀವು ಹೇಳಿದಂತೆ ಎತ್ತಿಟ್ಟಿದ್ದೇನೆ.

ರೌಶಾನ್


ಬಿಷ್ಕೆಕ್
ಮಾರ್ಚ್ 29

ಅಮ್ಮ,

ಅಂಕ ಬಂತು. ಎರಡು.

ಹತ್ತು ಬೇಕಿತ್ತು. ಎರಡಕ್ಕೆ ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಆ ಔಷಧ ಅವಳಿಗೆ ಕೆಲಸವನ್ನೂ ಮಾಡುತ್ತಿರಲಿಲ್ಲ. ನೀನು ಅಂದುಕೊಂಡದ್ದು ಸರಿಯಾಗಿತ್ತು, ನಾಲ್ಕನೆಯದೂ ಇಲ್ಲ ಅಂತಲೇ ಬಂತು. ನೀನು ಅದನ್ನು ಕಳಿಸಿದ್ದರೂ ಒಂದೇ, ಇಟ್ಟುಬಂದದ್ದೂ ಒಂದೇ.

ಇನ್ನೊಂದನ್ನು ಬರೆಯಲೇಬೇಕು. ಅಕ್ಟೋಬರಿನಲ್ಲಿ "ಕುಮುಶ್ ಕಣ್ಣಿಗೆ ಬೀಳದಿರಲಿ" ಎಂದು ಬರೆದವಳು ನಾನು. ಆ ಸಾಲು ದಿನವೂ ಕಣ್ಣ ಮುಂದೆ ಬರುತ್ತದೆ. ನಮ್ಮ ಮನೆಯಲ್ಲಿ ಆ ಮೇಣ ಏನು, ಅದನ್ನು ಏನು ಮಾಡಬೇಕು ಎಂದು ನೋಡಿದೊಡನೆ ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳಿಂದಲೇ ಅದನ್ನು ಬಚ್ಚಿಡು ಅಂದೆ. ಯಾಕೆ ಹಾಗೆ ಬರೆದೆ? ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಾರೆ, ಅದಕ್ಕೆ. ಇಷ್ಟು ಓದಿದವಳು, ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ನನಗೆ ಬೇರೆ ಉತ್ತರ ಸಿಗುತ್ತಿಲ್ಲ. ಅವಳು ಡಿಸೆಂಬರಿನಲ್ಲಿ ನನಗೊಂದು ಕಾಗದ ಬರೆದಿದ್ದಳು. ಯಾವಾಗಲಾದರೂ ನಿನಗೆ ಓದಿ ಹೇಳುತ್ತೇನೆ. ಈಗಲೇ ಅಲ್ಲ.

ಅಂಕ ಎರಡೇ ಆದ್ದರಿಂದ ಇದು ಯಾವುದೂ ಏನನ್ನೂ ಬದಲಿಸುತ್ತಿರಲಿಲ್ಲ, ಅದು ಬೇರೆ ಮಾತು.

ಡಬ್ಬಿಯಲ್ಲಿ ಮೇಣವಿದೆ. ಹತ್ತಿಯಲ್ಲಿ ಸುತ್ತಿದ ಆರು ಗಾಜುಗಳಿವೆ. ಯಾವುದೂ ಹೊರಗೆ ಉಳಿದಿಲ್ಲ.

ನಿನ್ನ ಜೂರಾ


ಅಟ್-ಬಾಶಿ
ಏಪ್ರಿಲ್ 11

ಜೂರಾ,

ಡಬ್ಬಿ ತಲುಪಿತು. ನೆಲ ಸಡಿಲಾಗಿದೆ, ಮಡಚಿದ ಸಲಿಕೆಯೇ ಸಾಕಾಯಿತು. ಮೇಣವನ್ನೂ ಗಾಜುಗಳನ್ನೂ ಅವಳ ಎಡಮಗ್ಗುಲಿಗೆ ಇಟ್ಟೆ. ಇಡುವ ಮೊದಲು ಗಾಜುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ತೆಳ್ಳಗೆ ಕೊಯ್ಯುವ ಕೈ ಇದೆ ಅಂತ ನನಗೆ ಗೊತ್ತಿರಲಿಲ್ಲ. ಒರಟುತನದಿಂದ ಮಾಡಿದ ಕೆಲಸವಲ್ಲ ಅದು. ಆ ಡಾಕ್ಟರಿಗೆ ಬೆಣ್ಣೆ ಕಳಿಸುತ್ತೇನೆ.

ಬಹಳ ಮಂದಿಯ ಗಾಜಿನ ಮೇಲೆ ನೀಲಿಯೊಂದೇ ಇರುತ್ತದಂತೆ, ನಾರಿನ್‌ನ ಆ ಗುಮಾಸ್ತೆ ಹುಡುಗಿ ಹೇಳಿದಳು. ಅವನ್ನು ಮಣ್ಣಿಗಿಡುವ ಮೊದಲು ನಾರಿನ್ ಸಂತೆಯಲ್ಲಿ ಸಿಕ್ಕಳು, ಒಂದು ಗಾಜು ಚೀಲದಲ್ಲಿ ಇತ್ತು, ತೋರಿಸಿದೆ. "ಅಯ್ಯೋ ಅಜ್ಜಿ, ಇದ್ರಲ್ಲಿ ಎಷ್ಟೊಂದು ಕಂದು ಬಣ್ಣ ಇದೆ" ಅಂದಳು. ಅದರ ಅರ್ಥ ಏನು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದು ನಿನ್ನ ಕಾಗದ ಇನ್ನೊಂದು ಸಲ ಓದಿದೆ.

ಚಿಕ್ಕಂದಿನಿಂದಲೂ ನಿನ್ನ ಅಕ್ಷರ ಬಲಕ್ಕೆ ವಾಲುತ್ತದೆ. ಈ ಕಾಗದದಲ್ಲಿ 'ಎರಡು' ಮಾತ್ರ ನೆಟ್ಟಗೆ ನಿಂತಿದೆ. ನಾನು ಥರ್ಮಾಮೀಟರನ್ನು ಒಂದು ಸಲ ಕೊಡವಿ, ಕಿಟಕಿಯ ಕಡೆ ನೋಡುತ್ತ, ಮೂವತ್ತಾರು ಪಾಯಿಂಟ್ ಎಂಟು ಅನ್ನುತ್ತಿದ್ದೆನಲ್ಲ, ಹಾಗೆ.

ಈ ಸಲದ ಕಾಗದವನ್ನು ಒಲೆಗೆ ಹಾಕಿಲ್ಲ. ಡಬ್ಬಿಯಲ್ಲಿಟ್ಟಿದ್ದೇನೆ. ಅವಳ ಕಾಗದವನ್ನು ನಿನ್ನ ಹತ್ತಿರವೇ ಇಟ್ಟುಕೋ. ಅದರಲ್ಲಿ ಏನಿದೆ ಅಂತ ನನಗೆ ಗೊತ್ತು ಅನ್ನಿಸುತ್ತದೆ.

ಇನ್ನು ಅಂಕದ ವಿಷಯ ನಿನ್ನನ್ನು ಕೇಳುವುದಿಲ್ಲ. ಅವಳೂ ನನಗೆ ಒಂದು ದಿನವೂ, ಇಲ್ಲಿ ಕೊಡಮ್ಮ, ನಾನೇ ನೋಡ್ತೀನಿ, ಅನ್ನಲಿಲ್ಲ.

ನಿನ್ನ ಅಮ್ಮ
ಬುರ್ಮಾಕಾನ್